ನಿಂತ ರೀಲು

ಹೊಳೆದಂಡೆಯ ಆ ಆಶ್ರಮದಲ್ಲಿ ಗಂಟೆಗಿಂತ ಸೂಜಿಗೆ ಹೆಚ್ಚು ಕೆಲಸವಿತ್ತು.

ಹಳೆಯ ಸೀರೆ, ಹಳೆಯ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಭಕ್ತರು ಏನನ್ನು ತಂದುಕೊಟ್ಟರೂ ಅದು ಅಲ್ಲಿ ಕೌದಿಯಾಗುತ್ತಿತ್ತು. ಕೌದಿಗಳು ಸುತ್ತಲಿನ ಹಳ್ಳಿಗಳ ಬಾಣಂತಿಯರಿಗೆ ಹೋಗುತ್ತಿದ್ದವು.

ಆಶ್ರಮದ ಗುರು ಮುರಿಗೆಮ್ಮ ತಾಯಿ. ಶಿಷ್ಯೆಯರಿಗೆ ಅವರು ಅವ್ವಾರು. ಕಣ್ಣು ಮಂಜಾದ ಮೇಲೆ ಅವರು ಸೂಜಿ ಹಿಡಿಯುವುದನ್ನು ಬಿಟ್ಟಿದ್ದರು. ಈಗ ಹತ್ತಿಯ ದಾರದ ಲಡಿಯನ್ನು ಬಿಚ್ಚಿ ಕಟ್ಟಿಗೆಯ ರೀಲಿಗೆ ಸುತ್ತುವುದು ಅವರ ಕೆಲಸ. ಒಂದೊಂದು ಸುತ್ತಿಗೆ ಒಂದೊಂದು ಶಿವನಾಮ.

ಸುತ್ತಿದ ರೀಲನ್ನು ದೀಪದ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದರು. ನಾಮ ಸುತ್ತಿದ ರೀಲನ್ನು ಮಲಗಿಸಬಾರದು ಎಂಬುದು ಅಲ್ಲಿನ ನಿಯಮ.

ವರ್ಷಕ್ಕೊಮ್ಮೆ, ಚಳಿ ಬೀಳುವ ಮೊದಲು, ಒಂದು ಕೌದಿ ಗದ್ದುಗೆಗೆ. ಆಶ್ರಮ ಕಟ್ಟಿದ ಹಿರಿಯರ ಸಮಾಧಿಯ ಮೇಲೆ ಅದನ್ನು ಹುಣ್ಣಿಮೆಯ ದಿನ ಹೊದಿಸಿ, ಮರುದಿನ ತೆಗೆದು, ಎಲ್ಲರಿಗಿಂತ ಹೊಸ ಕೂಸಿನ ತಾಯಿಗೆ ಕೊಡುವರು. ಬೇರೆ ಕೌದಿಗಳಿಗೆ ಅಂಗಡಿಯ ದಾರ ನಡೆಯುತ್ತಿತ್ತು. ಗದ್ದುಗೆಯ ಕೌದಿಗೆ ತಾಯಿ ಸುತ್ತಿದ ದಾರವೇ ಆಗಬೇಕು.

ಆ ವರ್ಷ ಆಶ್ರಮಕ್ಕೆ ದೊಡ್ಡ ಮಷೀನು ಬಂತು.

ಪಟ್ಟಣದಲ್ಲಿ ರಜಾಯಿ ಅಂಗಡಿ ನಡೆಸಿ ಮುಚ್ಚಿದ ಭಕ್ತರೊಬ್ಬರು ಕೊಟ್ಟದ್ದು. ಮಂಚಕ್ಕಿಂತ ಉದ್ದದ ಚೌಕಟ್ಟು. ಬಟ್ಟೆಯನ್ನು ಅದಕ್ಕೆ ಬಿಗಿದರೆ ಬಟ್ಟೆ ಅಲುಗುವುದಿಲ್ಲ. ಉದ್ದ ತೋಳಿನ ಮಷೀನೇ ಗಾಲಿಗಳ ಮೇಲೆ ಓಡಾಡಿ ಹೊಲಿಯುತ್ತದೆ. ಎರಡು ಹಿಡಿಗಳನ್ನು ಹಿಡಿದು ಅದನ್ನು ನಡೆಸಬೇಕು. ಜೋಡಿಸಲು ಬಂದ ಮೆಕ್ಯಾನಿಕ್ ಅಂಗಡಿಯ ದಾರದ ಕೋನು ನಿಲ್ಲಿಸಿ ಹೊಲಿದು ತೋರಿಸಿದ. ಹೊಲಿಗೆ ನೀರಿನಂತೆ ಹರಿಯಿತು.

ತಾಯಿ ಮಷೀನನ್ನು ಬಂಗಾರೆವ್ವನಿಗೆ ಒಪ್ಪಿಸಿದರು.

ಬಂಗಾರೆವ್ವ ಬಂದು ಇನ್ನೂ ಎರಡನೆಯ ಮಳೆಗಾಲ. ಮಳೆ ಹಿಡಿದಾಗ ಜ್ವರ ಬಂದು ಮಲಗಿ, ಈಚೆಗಷ್ಟೇ ಎದ್ದಿದ್ದಳು. ಅವಳಿಗಿಂತ ಹಳಬರು ಬೇಕಾದಷ್ಟು ಜನರಿದ್ದರು. ಎಲ್ಲರಿಗಿಂತ ಹಳಬಳು ನಿಂಬೆವ್ವ. ಆಶ್ರಮದ ನಿಯಮಗಳನ್ನೆಲ್ಲ ನೆನಪಿಟ್ಟು ನಡೆಸುವವಳು ಅವಳೇ.

"ಗದ್ದುಗಿ ಕೌದಿ ಹೊಸಬಾಕಿ ಕೈಯಾಗ ಕೊಟ್ರಲ್ರಿ" ಎಂದಳು ನಿಂಬೆವ್ವ.

"ಮಷೀನೂ ಹೊಸಾದು. ಇಬ್ರೂ ಕಲೀಲಿ" ಎಂದರು ತಾಯಿ.

ಬಂಗಾರೆವ್ವ ಗದ್ದುಗೆಗೆ ನಮಸ್ಕರಿಸಿದಳು. ತಾಯಿಯ ರೀಲನ್ನು ಎರಡೂ ಕೈಗಳಲ್ಲಿ ಹಿಡಿದು ತಂದು, ಮಷೀನಿನ ಬೆನ್ನ ಮೇಲಿನ ಮೊಳೆಗೆ ನೆಟ್ಟಗೆ ನಿಲ್ಲಿಸಿದಳು. ದಾರದ ತುದಿಯನ್ನು ಅದರ ನೆತ್ತಿಯ ಮೇಲಿದ್ದ ಕೊಕ್ಕೆಗೆ ಏರಿಸಿದಳು. ಅಲ್ಲಿಂದ ಸಣ್ಣ ತೂತುಗಳಲ್ಲಿ ತೂರಿಸಿ, ದಾರವನ್ನು ಅದುಮಿ ಹಿಡಿಯುವ ಎರಡು ಬಿಲ್ಲೆಗಳ ನಡುವೆ ಎಳೆದು, ಏರಿಳಿಯುವ ಕೊಂಡಿಗೆ ಸಿಕ್ಕಿಸಿ, ಸೂಜಿಗೆ ಪೋಣಿಸಿದಳು. ಮೆಕ್ಯಾನಿಕ್ ತೋರಿಸಿದ್ದು ಹಾಗೆಯೇ.

ಮಷೀನು ಗೇಣುದ್ದ ಹೊಲಿಯಿತು. ದಾರ ಟಪ್ಪೆಂದು ಹರಿಯಿತು.

ಕೈಯಲ್ಲಿ ಹೊಲಿಯುವವರಿಗೆ ತಾಯಿ ಕಲಿಸಿದ ಮೊದಲ ಪಾಠ ಒಂದಿತ್ತು. ದಾರ ಹರಿದರೆ ಕೈ ನಿಲ್ಲಿಸು, ಮನಸ್ಸು ನೋಡು.

ಬಂಗಾರೆವ್ವ ಕೈ ನಿಲ್ಲಿಸಿದಳು. ಕಣ್ಣು ಮುಚ್ಚಿ ಮನಸ್ಸು ನೋಡಿದಳು. ಆಮೇಲೆ ತಾಯಿಯ ಬಳಿ ಹೋದಳು.

"ಅವ್ವಾರ, ದಾರ ಹರೀತ್ರಿ."

"ಹರೀತೇನು?"

"ಮನಸ ನೋಡ್ಕೊಂಡ್ನಿರಿ. ನಿನ್ನೆ ಅಡಗಿಮನ್ಯಾಗ ಬೆಲ್ಲ ಕದ್ದು ತಿಂದಿದ್ದೆ."

"ಬೆಲ್ಲ ಹೆಂಗಿತ್ತು?"

"ಛಲೋ ಇತ್ರಿ."

"ಹಂಗಾರ ನಾಳೆ ನನಗೂ ಒಂದು ತುಣುಕು ತಾ. ಮತ್ತೇನರ ಕೇಳೂದೈತೇನು?"

"ಇಲ್ರಿ."

ಬಂಗಾರೆವ್ವ ಗದ್ದುಗೆಯ ಮುಂದೆ ಗಲ್ಲ ಬಡಿದುಕೊಂಡು ಬಂದು ಮತ್ತೆ ಹೊಲಿದಳು. ಮತ್ತೆ ಹರಿಯಿತು.

"ಅವ್ವಾರ, ಮೊನ್ನೆ ಭಜನ್ಯಾಗ ನಿದ್ದಿ ಹೋಗಿದ್ನಿರಿ."

"ನನಗೂ ಹತ್ತಿತ್ತು. ನಿಂಬೆವ್ವ ರಾಗ ಎಳದ್ಳಂದ್ರ ಗದ್ದುಗಿ ಒಳಗಿನ ಹಿರ್ಯಾರೂ ಮಗ್ಗಲ ಬದಲಸ್ತಾರ. ಮತ್ತೇನರ ಕೇಳೂದೈತೇನು?"

"ಇಲ್ರಿ."

ಮತ್ತೆ ಹೊಲಿದಳು. ಮತ್ತೆ ಹರಿಯಿತು.

"ಅವ್ವಾರ, ನಿಂಬಕ್ಕಾರ ಮ್ಯಾಲ ಸಿಟ್ಟು ಬಂದೈತ್ರಿ."

"ಬೈದೀಯೇನು?"

"ಮನಸಿನ್ಯಾಗ ಬೈದ್ನಿರಿ."

"ಏನಂತ?"

ಬಂಗಾರೆವ್ವ ಸೆರಗಿನ ತುದಿ ತಿರುವುತ್ತ ನಿಂತಳು. "ಒಣಾ ಬದನಿಕಾಯಿ ಅಂತ್ರಿ."

ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಒಣಾ ಬದನಿಕಾಯಿ ಪಲ್ಯ ಭಾಳ ರುಚಿ ಆಗ್ತೈತವಾ. ಮತ್ತೇನರ ಕೇಳೂದೈತೇನು?"

"ಇಲ್ರಿ."

ತಾಯಿ ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡು ತಮ್ಮ ಸುತ್ತುವ ಕೆಲಸಕ್ಕೆ ತಿರುಗಿದರು.

ಬಂಗಾರೆವ್ವ ಬಿಲ್ಲೆಗಳ ತಿರುಪನ್ನು ಬಿಗಿ ಮಾಡಿ ನೋಡಿದಳು. ದಾರ ಇನ್ನೂ ಬೇಗ ಹರಿಯಿತು. ಸಡಿಲು ಮಾಡಿ ನೋಡಿದಳು. ಕೌದಿಯ ಅಡಿಯಲ್ಲಿ ದಾರ ಗುಂಜು ಗುಂಜಾಗಿ ಜೋತುಬಿತ್ತು. ಸೂಜಿ ಬದಲಿಸಿದಳು. ಒಂದು ಹೊತ್ತಿನ ಊಟ ಬಿಟ್ಟಳು. ನಾಮ ಹೇಳುತ್ತ ಹೊಲಿದಳು. ದಾರ ಯಾವುದಕ್ಕೂ ಬಗ್ಗಲಿಲ್ಲ.

ನಿಂತ ರೀಲಿನಿಂದ ದಾರ ಮೇಲೇಳುವಾಗ ಉಂಗುರ ಉಂಗುರವಾಗಿ ಏಳುತ್ತಿತ್ತು. ಒಮ್ಮೊಮ್ಮೆ ಒಂದು ಉಂಗುರ ಜಾರಿ ಮೊಳೆಯ ಬುಡಕ್ಕೆ ಸುತ್ತಿಕೊಳ್ಳುತ್ತಿತ್ತು. ಬಂಗಾರೆವ್ವ ಅದನ್ನು ಕಂಡಳು. ನನ್ನ ಮನಸ್ಸೇ ಹೀಗೆ ಸುರುಳಿ ಸುತ್ತಿದೆ ಎಂದುಕೊಂಡಳು.

"ಅಂಗಡಿ ದಾರ ಹಾಕಿ ನೋಡು" ಎಂದಳು ನಿಂಬೆವ್ವ.

ಬಂಗಾರೆವ್ವ ಕೋನು ನಿಲ್ಲಿಸಿ ಹೊಲಿದಳು. ಚೌಕಟ್ಟಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ಹರಿಯಲಿಲ್ಲ.

"ಕಂಡೀಯಲ್ಲ" ಎಂದಳು ನಿಂಬೆವ್ವ. "ಮಷೀನಿಂದೇನೂ ತಪ್ಪಿಲ್ಲ. ಅಂಗಡಿ ದಾರ ಯಾರ ಕೈಯಾಗರ ಓಡತೈತಿ. ಅವ್ವಾರ ದಾರ ಮನಸ ಶುದ್ಧ ಇದ್ದಾಕಿ ಕೈಯಾಗ ಅಷ್ಟ ಓಡತೈತಿ."

ಬಂಗಾರೆವ್ವ ಅಂಗಡಿಯ ದಾರದ ಹೊಲಿಗೆಯನ್ನು ಒಂದೊಂದೇ ಬಿಚ್ಚಿ ತೆಗೆದಳು.

ಅವಳು ತಾಯಿಗೆ ಹೇಳದ ಒಂದು ಮಾತಿತ್ತು.

ನಾಮ ಹೇಳಲು ಕಣ್ಣು ಮುಚ್ಚಿದರೆ ಅವಳಿಗೆ ಶಿವ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಮುರಿಗೆಮ್ಮ ತಾಯಿಯ ಮುಖ. ಗದ್ದದ ಮೇಲಿನ ಹಸಿರು ಹಚ್ಚೆ, ಮುಂದಿನ ಹಲ್ಲಿಲ್ಲದ ನಗು.

ದೇವರನ್ನು ಹುಡುಕಿ ಅವಳು ಬಂದಿರಲಿಲ್ಲ. ಒಂದು ಸಂತೆಯಲ್ಲಿ, ಹುಣಸೆಮರದ ನೆರಳಿಗೆ ಸುಮ್ಮನೆ ಕುಳಿತಿದ್ದಾಗ, ಮುದುಕಿಯೊಬ್ಬಳು ಹೆಗಲ ಮೇಲೆ ಕೈಯಿಟ್ಟು "ಉಂಡೀಯೇನವಾ?" ಎಂದು ಕೇಳಿದ್ದಳು. ಎಷ್ಟೋ ದಿನಗಳಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಂಗಾರೆವ್ವ ಎದ್ದು ಆ ಮುದುಕಿಯ ಹಿಂದೆಯೇ ನಡೆದು ಬಂದಿದ್ದಳು. ಆ ಮುದುಕಿ ಗುರು ಎಂಬುದು ಆಶ್ರಮ ಮುಟ್ಟಿದ ಮೇಲೆ ಗೊತ್ತಾಯಿತು.

ದೇವರ ಜಾಗದಲ್ಲಿ ಮನುಷ್ಯರನ್ನು ಕೂಡಿಸಿಕೊಂಡವಳ ಕೈಯಲ್ಲಿ ನಾಮದ ದಾರ ಹೇಗೆ ಓಡೀತು? ಬೇರೆ ಎಲ್ಲ ತಪ್ಪು ಹೇಳಿಯಾಯಿತು. ಉಳಿದದ್ದು ಇದೊಂದೇ. ಇದನ್ನು ಹೇಳಿದರೆ ತಾಯಿ ಮುಖ ತಿರುಗಿಸಬಹುದು. ಅದನ್ನು ನೋಡುವುದಕ್ಕಿಂತ ತಾನೇ ಹೋಗುವುದು ಲೇಸು. ತಾನು ಹೋದರೆ ಬೇರೆ ಯಾರಾದರೂ ಹುಣ್ಣಿಮೆಗೆ ಕೌದಿ ಮುಗಿಸಿಯಾರು.

ಬೆಳಗಿನ ಪೂಜೆ ಮುಗಿದ ಕೂಡಲೇ ಬಂಗಾರೆವ್ವ ಗಂಟು ಹಿಡಿದು ಹೊಳೆಗೆ ಇಳಿದಳು.

ಹರಿಗೋಲಿನ ಯಮನಪ್ಪ ಮೆಟ್ಟಿಲ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಎಲ್ಲಿಗವಾ?"

"ಆಚೀ ದಂಡಿಗೆ."

"ಆಚೀ ದಂಡ್ಯಾಗ ಯಾರದಾರ?"

"ಯಾರೂ ಇಲ್ಲ."

"ಯಾರೂ ಇಲ್ಲದಲ್ಲಿಗೆ ಇಷ್ಟು ಅವಸರೇನು? ತಡೀ, ಎಲಿ ಹಾಕ್ಕೋತೀನಿ."

ಅವನು ಎಲೆ ಮಡಚುವಷ್ಟರಲ್ಲಿ ಮೇಲಿನಿಂದ ಕೋಲಿನ ಸಪ್ಪಳ ಕೇಳಿಸಿತು. ಮುರಿಗೆಮ್ಮ ತಾಯಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ರೀಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಹಿಂದೆಯೇ ನಿಂಬೆವ್ವ.

"ನಾಮದ ರೀಲ ಹೊಳಿದಂಡಿಗೆ ತಂದ್ರಲ್ರೀ ಅವ್ವಾರ! ಮೈಲಿಗಿ ಆಗ್ತೈತ್ರಿ!"

"ಹೊಳ್ಯಾಗ ಮೈಲಿಗಿ ತೊಳೀತೀನಿ ಅಂತಿ. ಹೊಳಿ ದಂಡಿಗೆ ಬಂದ್ರ ಮೈಲಿಗಿ ಅಂತಿ. ಯಾವುದರ ಒಂದ ಹೇಳು."

ತಾಯಿ ಬಂಗಾರೆವ್ವನ ಎದುರು ಬಂದು ನಿಂತು ಉಸಿರು ತೆಗೆದುಕೊಂಡರು.

"ಬಂಗಾರಿ, ಹೊಂಟಿ?"

"ಹೌದ್ರಿ."

"ಯಾಕ?"

"ನನ್ನ ಮನಸ ಸರಿ ಇಲ್ರಿ. ದಾರಕ್ಕ ಗೊತ್ತಾಗೈತಿ."

"ದಾರ ಹೇಳಿತೇನು?"

"ಹರೀತೈತಲ್ರಿ."

"ಹೆಂಗ ಹರೀತೈತಿ?"

"ಟಪ್ ಅಂತ್ರಿ."

"ಅದು ಹರಿದ ಮ್ಯಾಲಿನ ಮಾತಾತು. ಹರಿಯೂಕಿಂತ ಮೊದಲ ಏನ ಮಾಡ್ತೈತಿ?"

ಬಂಗಾರೆವ್ವ ಗಂಟನ್ನು ಕೆಳಗಿಟ್ಟು ನೆನಪು ಮಾಡಿಕೊಂಡಳು.

"ಸುರುಳಿ ಆಗ್ತೈತ್ರಿ."

"ಎಲ್ಲಿ? ಸೂಜಿ ಹಂತ್ಯಾಕೋ, ರೀಲಿನ ಹಂತ್ಯಾಕೋ?"

"ರೀಲಿನ ಹಂತ್ಯಾಕ್ರಿ. ರೀಲ ಬಿಟ್ಟ ಕೂಡಲೇ ಸುರುಳಿ ಆಗ್ತೈತ್ರಿ. ಒಮ್ಮೊಮ್ಮೆ ಕೆಳಗ ಜಾರಿ ಮೊಳಿಗೆ ಸುತ್ಕೋತೈತಿ."

"ಬೆಲ್ಲದ ಮಾತ ಬಂದು ಹೇಳಿದಿ. ನಿದ್ದಿ ಮಾತ ಹೇಳಿದಿ. ಬದನಿಕಾಯಿ ಮಾತೂ ಹೇಳಿದಿ. ಮತ್ತೇನರ ಕೇಳೂದೈತೇನು ಅಂತ ನಾ ಸಾರಿ ಸಾರಿ ಕೇಳಿದೆ. ಇದನ್ಯಾಕ ಹೇಳಲಿಲ್ಲ?"

"ಬದನಿಕಾಯಿ ಮಾತು ಯಾವುದ್ರಿ?" ಎಂದಳು ನಿಂಬೆವ್ವ.

"ಅಡಗಿ ಮಾತು. ನೀ ಸುಮ್ಮನಿರು."

ತಾಯಿ ಹರಿಗೋಲಿನವನ ಕಡೆ ತಿರುಗಿದರು.

"ಯಮನಪ್ಪ, ನಿನ್ನ ರುಮಾಲ ಕೊಡು."

ಯಮನಪ್ಪ ತಲೆಗೆ ಸುತ್ತಿದ ರುಮಾಲಿಗೆ ಕೈ ಹಚ್ಚಿದ. "ಬರೀ ತಲಿ ಆಗ್ತೈತ್ರಿ ಅವ್ವಾರ."

"ಕೂದಲ ಇದ್ದಿದ್ರ ನೋಡ್ತಿದ್ವಿ. ಕೊಡು."

ಅವನು ನಾಚುತ್ತ ಬಿಚ್ಚಿ ಕೊಟ್ಟ. ಕೆಂಪು ಬಟ್ಟೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಷ್ಟು ಉದ್ದವಿತ್ತು. ತಾಯಿ ಕೋಲನ್ನು ಗೋಡೆಗೆ ಆನಿಸಿ, ರೀಲನ್ನು ಮೆಟ್ಟಿಲ ಮೇಲಿಟ್ಟು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತರು.

"ನಿಂಬೆವ್ವ, ಇದನ್ನ ನನಗ ಸುತ್ತು. ಸೊಂಟದಿಂದ ಹೆಗಲತನಕ."

"ಇದೇನ್ರಿ ಆಟ?"

"ಸುತ್ತು ಅಂದೆ."

ನಿಂಬೆವ್ವ ಗೊಣಗುತ್ತ ಅವರ ಸುತ್ತ ತಿರುಗಿ ತಿರುಗಿ ಸುತ್ತಿದಳು.

"ಈಗ ನಾ ರೀಲು" ಎಂದರು ತಾಯಿ. "ನಿಂತ ರೀಲು. ಅಲುಗಾಡೂದಿಲ್ಲ. ಬಂಗಾರಿ, ಆ ಕಟ್ಟಿ ಏರು. ತುದಿ ಹಿಡಿದು ನನ್ನ ನೆತ್ತಿ ಮ್ಯಾಲಿಂದ ಜಗ್ಗು."

"ನಿಮ್ಮ ನೆತ್ತಿ ಮ್ಯಾಲಿಂದೇನ್ರಿ?"

"ರೀಲಿನ ಕೂಡ ಮಾತಾಡಬಾರ್ದು. ಜಗ್ಗು."

ಬಂಗಾರೆವ್ವ ಕಟ್ಟೆ ಏರಿ ಮೇಲಿನಿಂದ ಎಳೆದಳು. ಒಂದು ಸುತ್ತು ಬಿಚ್ಚಿ ಬಂತು. ಇನ್ನೊಂದು ಬಂತು. ಅಷ್ಟರಲ್ಲಿ ಬಟ್ಟೆ ಹೊರಳಿಕೊಳ್ಳತೊಡಗಿತು. ಒಂದು ಮಡಿಕೆ ತಾಯಿಯ ಗದ್ದಕ್ಕೆ ಸಿಕ್ಕಿತು. ಇನ್ನೊಂದು ಸಡಿಲವಾಗಿ ಜಾರಿ ಅವರ ಕಾಲಿಗೆ ತೊಡರಿತು.

"ಹಿಡೀತೇನು?" ತಾಯಿಯ ಮಾತು ಬಟ್ಟೆಯೊಳಗಿನಿಂದ ಬಂತು.

"ಹಿಡೀತ್ರಿ."

"ಅರಿವಿ ಹೆಂಗಾಗೈತಿ?"

ಬಂಗಾರೆವ್ವ ಕೈಯಲ್ಲಿದ್ದುದನ್ನು ನೋಡಿದಳು. ಅಗಲವಾದ ರುಮಾಲು ಹರಿಗೋಲಿನ ಹಗ್ಗದಂತೆ ಹುರಿಗೊಂಡಿತ್ತು.

"ಹುರಿ ಆಗೈತ್ರಿ."

"ಇನ್ನೂ ಜಗ್ಗು."

"ಜಗ್ಗಿದ್ರ ಹರೀತೈತ್ರಿ ಅವ್ವಾರ!"

"ಹೌದೇನು? ಈಗ ನಿನ್ನ ಮನಸಿನ್ಯಾಗ ಏನ ಪಾಪ ಬಂತು?"

ಬಂಗಾರೆವ್ವ ಹುರಿಗೊಂಡ ಬಟ್ಟೆಯನ್ನು ತಿರುತಿರುಗಿಸಿ ನೋಡಿದಳು.

"ನನ್ನ ರುಮಾಲು ಹರೀಬ್ಯಾಡ್ರೆವಾ" ಎಂದ ಯಮನಪ್ಪ.

ಬಟ್ಟೆಯನ್ನು ಬಿಡಿಸಿ, ಜಾಡಿಸಿ, ಮತ್ತೆ ತಾಯಿಗೆ ಸುತ್ತಿದರು.

"ಈಗ ಕೆಳಗ ಇಳಿ. ಎದುರಿಗೆ ನಿಂತು ಅಡ್ಡ ಜಗ್ಗು. ಈ ಸರ್ತಿ ನಾ ತಿರುಗ್ತೀನಿ."

ಬಂಗಾರೆವ್ವ ಎಳೆದಳು. ತಾಯಿ ತಿರುಗಿದರು. ಸುತ್ತು ಸುತ್ತಿಗೂ ಬಟ್ಟೆ ಹಾಸಿದಂತೆ ಅಗಲವಾಗಿ, ಒಂದು ಹೊರಳೂ ಇಲ್ಲದೆ, ಕೈಗೆ ಬಂತು. ಮಕ್ಕಳು ಬುಗುರಿಯಾಟ ಆಡುವ ಹಾಗೆ ತಾಯಿ ತಿರುಗುತ್ತಿದ್ದರು. ಕೊನೆಯ ಸುತ್ತಿಗೆ ತಲೆ ಗಿರ್ರೆಂದು ವಾಲಿದರು. ಬಂಗಾರೆವ್ವ ರುಮಾಲು ಬಿಟ್ಟು ಓಡಿ ಅವರನ್ನು ತಬ್ಬಿ ಹಿಡಿದಳು.

ತಾಯಿ ಅವಳ ಭುಜಕ್ಕೆ ಆತು ನಗುತ್ತಿದ್ದರು.

"ಬಿದ್ದಿದ್ರ ಏನ ಗತಿರಿ!" ಎಂದಳು ನಿಂಬೆವ್ವ.

"ಬೀಳಲಿಲ್ಲಲ್ಲ." ತಾಯಿ ಕಣ್ಣೊರೆಸಿಕೊಂಡರು. "ಬಂಗಾರಿ, ಮಷೀನು ನನಗ ತಿಳಿಯೂದಿಲ್ಲ. ರೀಲ ತಿಳೀತೈತಿ, ಸುತ್ತಾಕಿ ನಾನ ಅಲ್ಲೇನು? ಅಂಗಡಿ ಕೋನಿನ ದಾರ ಅಡ್ಡಾದಿಡ್ಡಿ ಸುತ್ತಿರ್ತಾರ, ಮ್ಯಾಲಿಂದ ಜಗ್ಗಿದ್ರ ಬಿಚ್ಚಲಿ ಅಂತ. ಅದು ನಿಂತ್ರ ಛಲೋ. ನಾ ಹಂಗ ಸುತ್ತೂದಿಲ್ಲ. ರೀಲ ತಿರುವಿಕೋತ ಒಂದರ ಮಗ್ಗಲ ಒಂದ ಸುತ್ತೀನಿ. ಅದು ತಿರುಗಿಕೋತನ ಬಿಚ್ಚಬೇಕು."

"ಅಂದ್ರ ರೀಲು..." ಬಂಗಾರೆವ್ವ ನಿಲ್ಲಿಸಿದಳು.

"ಹೇಳು."

"ಮಲಗಸಬೇಕೇನ್ರಿ?"

ನಿಂಬೆವ್ವ ಎರಡೂ ಕಿವಿ ಮುಟ್ಟಿಕೊಂಡಳು. "ಶಿವ ಶಿವ! ನಾಮದ ರೀಲ ಮಲಗಸೂದೇನ್ರಿ?"

"ಮಲಗಸಬಾರ್ದು ಅಂತ ಯಾರು ಹೇಳಿದ್ರು?"

"ನಾ ಬಂದಾಗಿಂದ ಹಿಂಗ ಐತ್ರಿ."

"ನೀ ಬರೂಕಿಂತ ಮೊದಲ ಅದು ನನ್ನ ಹಾಸಗಿ ಮ್ಯಾಲ ಉಳ್ಳಾಡತಿತ್ತು. ನೀ ಬಂದು ಗೂಡಿನ್ಯಾಗ ಸಾಲಾಗಿ ನಿಲ್ಲಿಸಿದಿ. ನೋಡಾಕ ಛಂದ ಕಂಡಿತು, ನಾ ಸುಮ್ಮನಿದ್ದೆ."

"ಅವ್ವಾರ, ನನಗೂ ಧೈರ್ಯ ಸಾಲವಲ್ದ್ರಿ" ಎಂದಳು ಬಂಗಾರೆವ್ವ. "ನಿಮ್ಮ ಕೈಯಾಗಿಂದು. ಹೆಂಗ ಕೆಡವಲಿ?"

ಮುರಿಗೆಮ್ಮ ತಾಯಿ ನಿಧಾನವಾಗಿ ಕಲ್ಲುಹಾಸಿನ ಮೇಲೆ ಕುಳಿತರು. ಆಮೇಲೆ ಒಂದು ಮಗ್ಗುಲಾಗಿ, ತಲೆಗೆ ತೋಳು ಕೊಟ್ಟು, ಎಲ್ಲರ ಕಾಲ ಬಳಿ ಉದ್ದಕ್ಕೆ ಮಲಗಿಬಿಟ್ಟರು.

"ಈಗ ಹೇಳ್ರಿ. ನಾ ನಿಮ್ಮ ಗುರು ಹೌದೋ ಅಲ್ಲೋ?"

ನಿಂಬೆವ್ವ ಬಂಗಾರೆವ್ವನನ್ನು ನೋಡಿದಳು. ಬಂಗಾರೆವ್ವ ನೆಲ ನೋಡಿದಳು.

"ಹೌದ್ರಿ ಅವ್ವಾರ" ಎಂದ ಯಮನಪ್ಪ.

"ಹರಿಗೋಲಿನಾಂವಗ ತಿಳೀತು. ಎಬ್ಬಸ್ರಿ ನನ್ನ. ಕಲ್ಲು ಥಂಡಿ ಐತಿ."

ಇಬ್ಬರೂ ಎರಡು ಕಡೆ ಹಿಡಿದು ಎಬ್ಬಿಸಿದರು. ತಾಯಿ ರೀಲನ್ನು ಎತ್ತಿ ಬಂಗಾರೆವ್ವನ ಕೈಗಿಟ್ಟರು.

"ಆಚೀ ದಂಡಿ ಎಲ್ಲಿಗೂ ಹೋಗೂದಿಲ್ಲ. ಮೊದಲ ಕೌದಿ ಮುಗಸು. ಆಮ್ಯಾಲ ಹೋಗುವಿಯಂತ, ಹೋಗೂದಿದ್ರ."

ಅವರು ಮಷೀನಿನ ಕೋಣೆಗೆ ಬಂದರು. ಬಂಗಾರೆವ್ವ ಮುರಿದ ಛತ್ರಿಯೊಂದರ ದಂಡವನ್ನು ರೀಲಿನ ತೂತಿನಲ್ಲಿ ತೂರಿಸಿದಳು. ಮಷೀನಿನ ಬೆನ್ನಿಗೆ ಎರಡು ಕವಲುಕಡ್ಡಿಗಳನ್ನು ಬಿಗಿದು, ದಂಡವನ್ನು ಅವುಗಳ ಮೇಲೆ ಅಡ್ಡ ಇಟ್ಟಳು. ರೀಲು ಮಲಗಿತು. ಮೇಲಿನ ಕೊಕ್ಕೆ ಈಗ ಬೇಡವಾಯಿತು. ದಾರ ನೇರವಾಗಿ ಮೊದಲ ತೂತಿಗೆ ಹೋಯಿತು. ಬಿಲ್ಲೆಗಳ ತಿರುಪನ್ನು ಮೆಕ್ಯಾನಿಕ್ ಗುರುತು ಹಾಕಿದ ಜಾಗಕ್ಕೆ ತಿರುಗಿ ತಂದಳು.

ಬಾಗಿಲಿನ ಬಳಿ ಮಣೆ ಹಾಕಿಕೊಂಡು ತಾಯಿ ಕುಳಿತರು.

ಮಷೀನು ಮೊಳದುದ್ದ ಹೊಲಿಯಿತು. ದಾರ ಹರಿಯಿತು.

ಬಂಗಾರೆವ್ವ ಕೈ ನಿಲ್ಲಿಸಿ ಕಣ್ಣು ಮುಚ್ಚಿದಳು.

"ಕಣ್ಣ ತಗೀ" ಎಂದರು ತಾಯಿ. "ಕಣ್ಣ ಮುಚ್ಚಿದ್ರ ರೀಲ ಹೆಂಗ ಕಾಣ್ತೈತಿ?"

"ಮನಸ ನೋಡು ಅಂದಾವರು ನೀವ ಅಲ್ಲೇನ್ರಿ?"

"ಹೌದು. ಕೈಯಾಗ ಹೊಲಿಯುವಾಗ ದಾರ ಜಗ್ಗಾಕಿ ನೀನು. ಸಿಟ್ಟಿದ್ರ ಹೆಚ್ಚ ಜಗ್ತಿ, ಹರೀತೈತಿ. ಇಲ್ಲಿ ಜಗ್ಗೂದು ಮಷೀನು. ಮಷೀನಿಗೆ ನಿಂಬೆವ್ವನ ಮ್ಯಾಲ ಸಿಟ್ಟಿಲ್ಲ."

"ಯಾರಿಗೈತ್ರಿ ನನ್ನ ಮ್ಯಾಲ ಸಿಟ್ಟು?" ಹೊರಗಿನಿಂದ ನಿಂಬೆವ್ವನ ದನಿ.

"ಯಾರಿಗೂ ಇಲ್ಲ. ಚಾ ಇಡು."

ಬಂಗಾರೆವ್ವ ಕಣ್ಣು ತೆರೆದು ರೀಲಿನ ಮುಂದೆ ಬಾಗಿದಳು. ಬಹಳ ಹೊತ್ತು ನೋಡಿದಳು.

"ರೀಲು ಸೊಟ್ಟ ಕುಂತೈತ್ರಿ. ದಾರ ಓರೆಯಾಗಿ ಹೊಂಟೈತಿ. ರೀಲಿನ ಅಂಚಿಗೆ ತಿಕ್ಕಿ ಹರೀತು."

"ಏನ ಮಾಡ್ತಿ?"

"ಮೊದಲನೇ ತೂತಿನ ಎದುರಾಎದುರು ಬರೂವಂಗ ಸರಸ್ತೀನ್ರಿ."

ತಾಯಿ ತಲೆದೂಗಲೂ ಇಲ್ಲ. ಬಂಗಾರೆವ್ವ ಕವಲುಕಡ್ಡಿಗಳನ್ನು ಬಿಚ್ಚಿ ಸರಿಸಿ ಕಟ್ಟಿದಳು.

ಮಷೀನು ಓಡಿತು. ಈ ಸಲ ದಾರ ಸುರುಳಿಯಾಗಲಿಲ್ಲ. ಬಂಗಾರೆವ್ವ ಚೌಕಟ್ಟಿನ ತುದಿ ಮುಟ್ಟಿ ಮಷೀನು ನಿಲ್ಲಿಸಿದಳು. ರೀಲು ಮಾತ್ರ ಇನ್ನೂ ತಿರುಗುತ್ತಿತ್ತು. ದಾರ ಬೇಕಿಲ್ಲದಷ್ಟು ಬಿಚ್ಚಿ ಜೋತುಬಿತ್ತು.

ಅವಳು ಕಣ್ಣು ಮುಚ್ಚಲಿಲ್ಲ. ತಾಯಿಯ ಕಡೆಗೂ ನೋಡಲಿಲ್ಲ.

"ಮಷೀನು ನಿಂತ್ರೂ ಇದು ನಿಲ್ಲವಲ್ದು" ಎಂದು ತನಗೆ ತಾನೇ ಹೇಳಿಕೊಂಡಳು. ಚಿಂದಿಯ ಬುಟ್ಟಿಯಲ್ಲಿ ಹಳೆಯ ಕಂಬಳಿಯ ತುಂಡು ಹುಡುಕಿದಳು. ಬಿಲ್ಲೆಯಂತೆ ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ರೀಲಿಗೂ ಕವಲುಕಡ್ಡಿಗೂ ನಡುವೆ ದಂಡಕ್ಕೆ ಪೋಣಿಸಿದಳು. ಬೆರಳಿನಿಂದ ದಾರ ಎಳೆದು ನೋಡಿದಳು. ಎಳೆದರೆ ರೀಲು ತಿರುಗಿತು. ಬಿಟ್ಟರೆ ನಿಂತಿತು.

ತಾಯಿ ಮಣೆಯ ಮೇಲೆಯೇ ಗೋಡೆಗೆ ಆತು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ಹೇಳುವ ಹಾಗಿರಲಿಲ್ಲ.

ಮಷೀನು ಮತ್ತೆ ಓಡಿತು. ತುದಿಗೆ ಹೋಗಿ ತಿರುಗಿತು. ಹಳದಿ ಸೀರೆಯ ತುಂಡಿನ ಮೇಲೆ, ನೀಲಿ ಅಂಗಿಯ ತೋಳಿನ ಮೇಲೆ, ಯಾರದೋ ಮದುವೆಯ ಧೋತರದ ಅಂಚಿನ ಮೇಲೆ ಹೊಲಿಗೆ ಸಾಲು ಸಾಲಾಗಿ ಮೂಡುತ್ತ ಹೋಯಿತು. ನಿಂಬೆವ್ವ ಚಹಾ ತಂದವಳು ಲೋಟ ಹಿಡಿದುಕೊಂಡೇ ನಿಂತಳು. ಮಲಗಿ ತಿರುಗುತ್ತಿದ್ದ ರೀಲನ್ನು ನೋಡಿದಳು.

"ನೋಡಾಕ ಏನೂ ಛಂದಿಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಚಾ ಆರತೈತಿ, ಕುಡಿ" ಎಂದು ಬಂಗಾರೆವ್ವನ ಕೈಗೆ ತಾನೇ ಕೊಟ್ಟಳು.

ಸಂಜೆಯ ಬಿಸಿಲು ಹೊಳೆಯ ಆಚೆ ದಂಡೆಗೆ ಹೋದಾಗ ಕೌದಿಯ ಕೊನೆಯ ಮೂಲೆ ಮುಗಿಯಿತು. ಬಂಗಾರೆವ್ವ ದಾರ ಕತ್ತರಿಸಿ, ಕೌದಿಯನ್ನು ಚೌಕಟ್ಟಿನಿಂದ ಬಿಡಿಸಿ, ಮಡಚಿ ತಾಯಿಯ ತೊಡೆಯ ಮೇಲಿಟ್ಟಳು. ತಾಯಿ ಮಂಜುಗಣ್ಣಿಗಿಂತ ಹೆಚ್ಚಾಗಿ ಬೆರಳುಗಳಿಂದ ಅದನ್ನು ನೋಡಿದರು. ಮೇಲೂ ತಡವಿದರು, ಮಗುಚಿ ಅಡಿಯಲ್ಲೂ ತಡವಿದರು. ಎಲ್ಲಿಯೂ ಗಂಟು ಸಿಗಲಿಲ್ಲ.

"ಛಲೋ ಆತು."

ಬಂಗಾರೆವ್ವ ಅಲ್ಲಿಂದ ಏಳಲಿಲ್ಲ. ತಾಯಿಯ ಮಣೆಯ ಪಕ್ಕ ನೆಲದ ಮೇಲೆ ಕುಳಿತೇ ಇದ್ದಳು.

"ಅವ್ವಾರ, ಒಂದ ಮಾತ ಉಳದೈತ್ರಿ."

"ಮತ್ತ ಬೆಲ್ಲೇನು?"

"ಅಲ್ರಿ." ಅವಳು ತಾಯಿಯ ಕಡೆ ಸರಿದಳು. "ನಾ ದೇವರ ಸಲುವಾಗಿ ಇಲ್ಲಿಗೆ ಬಂದಾಕಿ ಅಲ್ರಿ. ನಾಮ ಹೇಳಾಕ ಕಣ್ಣ ಮುಚ್ಚಿದ್ರ ನನಗ ಶಿವ ಕಾಣೂದಿಲ್ರಿ. ನೀವು ಕಾಣ್ತೀರಿ. ದಿನಾ ಹಂಗ. ಇವತ್ತು ಮಷೀನು ಓಡುವಾಗೂ ಮನಸಿನ್ಯಾಗ ಅದ ಇತ್ತು. ದಾರ ಹರೀಲಿಲ್ಲ, ಖರೆ. ಆದ್ರ ಇದು ಗದ್ದುಗಿಗೆ ಹೋಗೂ ಕೌದಿ. ನನ್ನಂಥಾಕಿ ಹೊಲಿದದ್ದು ನಡೀತೈತೇನ್ರಿ? ನನ್ನಂಥಾಕಿ ಇಲ್ಲಿರಬಹುದೇನ್ರಿ?"

ಹೊರಗೆ ಯಮನಪ್ಪ ಹರಿಗೋಲನ್ನು ದಡಕ್ಕೆ ಎಳೆದು ಕಟ್ಟುವ ಸಪ್ಪಳ ಕೇಳಿಸಿತು.

ಆಮೇಲೆ ತಾಯಿ ಕೌದಿಯನ್ನು ಪಕ್ಕಕ್ಕಿಟ್ಟು ಶಿಷ್ಯೆಯ ತಲೆಯ ಮೇಲೆ ಕೈಯಿಟ್ಟರು.

"ಆ ರೀಲ ಸುತ್ತುವಾಗ ನೀ ಒಳಗ ಜ್ವರದಾಗ ಮಲಗಿದ್ದಿ. ಶಿವನ ಹೆಸರ ಎಷ್ಟ ಸುತ್ತೀನೋ, ನಿನ್ನ ಹೆಸರ ಎಷ್ಟ ಸುತ್ತೀನೋ, ನನಗ ಗೊತ್ತಿಲ್ಲವಾ."